ಪದಕ ಬೇಡ ಅಂದರೂ ದಿನಾ ಈಜುವವರು: ಅದು ವ್ಯರ್ಥವೇ, ಅಪಾಯವೇ?

‘ನಲವತ್ತು ದಾಟಿದ ಮೇಲೆ ಜೋರಾಗಿ ಈಜಿದರೆ ಹೃದಯ ನಿಲ್ಲುತ್ತದೆ.’ ‘ಸ್ಪರ್ಧೆಗೆ ಹೋಗದವರಿಗೆ ತರಬೇತಿ ಯಾಕೆ? ಸುಮ್ಮನೆ ವಾಕಿಂಗ್ ಮಾಡಿ.’ ‘ಈಜು ಬಲ್ಲವರು ಮುಳುಗುವುದೇ ಇಲ್ಲ.’ ಬೇಸಿಗೆ ಬಂತೆಂದರೆ ಇಂಥ ಮಾತುಗಳು ಒಂದಲ್ಲ ಒಂದು ರೂಪದಲ್ಲಿ ವಾಟ್ಸ್ಯಾಪ್ ಗುಂಪುಗಳನ್ನು ಸುತ್ತುತ್ತವೆ. ಕೊನೆಯಲ್ಲಿ ‘ಎಲ್ಲರಿಗೂ ಕಳಿಸಿ’ ಎಂಬ ಸಾಲು ಇದ್ದೇ ಇರುತ್ತದೆ. ಕಳಿಸುವ ಮುಂಚೆ ಇದನ್ನೊಮ್ಮೆ ಓದಿ. ಮೂರರಲ್ಲಿ ಮೊದಲನೆಯದು ಅರ್ಧ ಸತ್ಯ, ಎರಡನೆಯದು ತಪ್ಪು, ಮೂರನೆಯದು ಜೀವ ತೆಗೆಯುವಂಥದ್ದು.

ಇವರು ಯಾರು?

ಮಹಾಲಿಂಗಪುರ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಕಡೆಯವರಿಗೆ ಈಜು ಹೊಸದಲ್ಲ. ಈ ಕಡೆ ಅದಕ್ಕೆ ‘ಈಸು’ ಅಂತಾರೆ. ಮೇಲಕ್ಕೆ ಕೃಷ್ಣೆ, ಕೆಳಕ್ಕೆ ಘಟಪ್ರಭೆ, ನಡುವೆ ಹಿಡಕಲ್ ಜಲಾಶಯದ ನೀರು ಹೊತ್ತು ಬರುವ ಘಟಪ್ರಭಾ ಎಡದಂಡೆ ಕಾಲುವೆ, ಕಬ್ಬಿನ ಹೊಲಗಳ ಮಗ್ಗುಲಲ್ಲಿ ತೆರೆದ ಬಾವಿಗಳು. ಸೊಂಟಕ್ಕೆ ಒಣಗಿದ ಸೋರೆಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿ, ಹಗ್ಗದ ತುದಿ ಹಿಡಿದು ಅಪ್ಪನೋ ಕಾಕಾನೋ ಬಾವಿಗೆ ಇಳಿಸಿದ ನೆನಪು ಇಲ್ಲಿನ ಹಿರಿಯರಲ್ಲಿ ಬಹಳ ಮಂದಿಗೆ ಇರುತ್ತದೆ. ಅವರು ಕಲಿತದ್ದು ಪದಕಕ್ಕಲ್ಲ. ನೀರಿನ ಊರಲ್ಲಿ ಬದುಕಬೇಕಾದರೆ ಬೇಕಾದ ವಿದ್ಯೆ ಅದು.

ಅಂಥವರಲ್ಲಿ ಕೆಲವರು ದೊಡ್ಡವರಾದ ಮೇಲೂ ಬಿಡುವುದಿಲ್ಲ. ಕೆಲವರು ಮೂವತ್ತೈದು, ನಲವತ್ತಕ್ಕೆ ನಗರದ ಕೊಳದಲ್ಲಿ ಹೊಸದಾಗಿ ಕಲಿಯುತ್ತಾರೆ. ವಾರಕ್ಕೆ ನಾಲ್ಕೈದು ದಿನ ಬೆಳಕು ಹರಿಯುವ ಹೊತ್ತಿಗೆ ನೀರಿಗಿಳಿದು, ಗಡಿಯಾರ ನೋಡಿ, ಸುತ್ತು ಎಣಿಸಿ, ತಪ್ಪು ತಿದ್ದಿಕೊಂಡು ಈಜುತ್ತಾರೆ. ‘ಯಾವ ಮೀಟ್‌ಗೆ ತಯಾರಿ?’ ಅಂತ ಕೇಳಿದರೆ ‘ಯಾವುದಕ್ಕೂ ಇಲ್ಲ’ ಅಂದು ಟವೆಲ್ ಹೆಗಲಿಗೆ ಹಾಕಿ ಹೊರಡುತ್ತಾರೆ.

ಕೆನಡಾದ ಸಮಾಜವಿಜ್ಞಾನಿ ರಾಬರ್ಟ್ ಸ್ಟೆಬ್ಬಿನ್ಸ್ 1982ರಲ್ಲಿ ಈ ಬಗೆಯ ಹವ್ಯಾಸಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ‘ಗಂಭೀರ ಬಿಡುವು’ ಅನ್ನಬಹುದು. ಹೊಟ್ಟೆಪಾಡಿಗಲ್ಲ, ಬರಿ ಹೊತ್ತು ಕಳೆಯಲಿಕ್ಕೂ ಅಲ್ಲ. ವರ್ಷಗಟ್ಟಲೆ ಬೆವರು ಸುರಿಸಿ, ಕೌಶಲ ಬೆಳೆಸಿಕೊಂಡು, ಬೇಸರ ಬಂದರೂ ಬಿಡದೆ ಮಾಡುವ ಕೆಲಸ. ನಮ್ಮ ಭಜನಾ ಮೇಳದವರನ್ನೂ ಸಣ್ಣಾಟದ ಹವ್ಯಾಸಿಗಳನ್ನೂ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ರಾತ್ರಿಯೆಲ್ಲ ತಾಲೀಮು ಮಾಡುವವರನ್ನು ‘ಯಾವ ಪ್ರಶಸ್ತಿಗೆ?’ ಅಂತ ಯಾರೂ ಕೇಳುವುದಿಲ್ಲ. ಈಜುವವರನ್ನು ಮಾತ್ರ ಕೇಳುತ್ತಾರೆ.

ಸ್ಪರ್ಧೆ ಬೇಕಾದವರಿಗೆ ದಾರಿ ಇಲ್ಲವೆಂದಲ್ಲ. ‘ಮಾಸ್ಟರ್ಸ್’ ಎಂಬ ವಿಭಾಗದಲ್ಲಿ 25 ವರ್ಷ ತುಂಬಿದವರು ಐದೈದು ವರ್ಷದ ವಯೋಗುಂಪುಗಳಲ್ಲಿ ಸ್ಪರ್ಧಿಸಬಹುದು. ಇದು ಶುರುವಾದದ್ದು 1970ರಲ್ಲಿ, ಅಮೆರಿಕದ ಟೆಕ್ಸಸ್ ರಾಜ್ಯದ ಅಮರಿಲ್ಲೊ ಊರಿನಲ್ಲಿ. ಅದರ ಹಿಂದಿದ್ದ ರ‍್ಯಾನ್ಸಮ್ ಆರ್ಥರ್ ನೌಕಾಪಡೆಯ ವೈದ್ಯ. ಅವರ ಉದ್ದೇಶ ಪದಕವಲ್ಲ. ಕಣ್ಣ ಮುಂದೆ ಒಂದು ಸ್ಪರ್ಧೆ ಇದ್ದರೆ ದೊಡ್ಡವರು ವ್ಯಾಯಾಮ ಬಿಡದೆ ಮಾಡಿಯಾರು ಎಂಬ ಲೆಕ್ಕ. ಅಂದರೆ ಸ್ಪರ್ಧೆ ನೆಪ, ಆರೋಗ್ಯ ಗುರಿ. ನೆಪವಿಲ್ಲದೆಯೂ ದಿನಾ ನೀರಿಗಿಳಿಯುವವರಿಗೆ ಆ ವೈದ್ಯರು ಕಂಡ ಫಲ ಆಗಲೇ ಕೈಗೆ ಸಿಕ್ಕಿದೆ.

ಹಾಗಾದರೆ ಸ್ಪರ್ಧೆ ಬೇಡ ಅನ್ನುವುದು ಯಾಕೆ? ಕಾರಣ ಒಬ್ಬೊಬ್ಬರದು ಒಂದೊಂದು. ಶಾಲೆ, ಕಾಲೇಜಿನಲ್ಲಿ ಸ್ಪರ್ಧಿಸಿ ಸಾಕಾದವರಿದ್ದಾರೆ. ಭಾನುವಾರ ಅಂಗಡಿ ಮುಚ್ಚಿ ಬೆಂಗಳೂರಿಗೆ ಹೋಗಲಾಗದವರಿದ್ದಾರೆ. ಈಜುಡುಗೆಯಲ್ಲಿ ಮೊಬೈಲ್ ಕ್ಯಾಮೆರಾಗಳ ಮುಂದೆ ನಿಲ್ಲಲು ಮನಸ್ಸಿಲ್ಲದ ಹೆಣ್ಣುಮಕ್ಕಳಿದ್ದಾರೆ, ಅವರ ಸಂಕೋಚಕ್ಕೆ ಕಾರಣ ಅವರಲ್ಲ. ಇನ್ನು ಕೆಲವರಿಗೆ ಬಹುಮಾನ ಬಂದರೆ ಖುಷಿ ಹೋಗುತ್ತದೆಂಬ ಭಯ. ಇದು ಬರಿ ಕಲ್ಪನೆಯಲ್ಲ. ಮನೋವಿಜ್ಞಾನಿ ಎಡ್ವರ್ಡ್ ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಬಿಡಿಸಲು ಒಗಟಿನ ಆಟಿಕೆ ಕೊಟ್ಟಿದ್ದರು. ಒಂದು ಗುಂಪಿಗೆ ಬಿಡಿಸಿದ್ದಕ್ಕೆ ದುಡ್ಡು ಕೊಟ್ಟು ಆಮೇಲೆ ನಿಲ್ಲಿಸಿದರು. ದುಡ್ಡು ನಿಂತ ಮೇಲೆ ಆ ಗುಂಪಿನವರು ಬಿಡುವಿನ ಹೊತ್ತಿನಲ್ಲಿ ಆ ಆಟಿಕೆ ಮುಟ್ಟುವುದು ಕಡಿಮೆಯಾಯಿತು. ಸ್ಪರ್ಧೆ ಎಲ್ಲರ ಖುಷಿಯನ್ನೂ ಕೊಲ್ಲುತ್ತದೆ ಅಂತ ಇದರಿಂದ ಹೇಳಲಾಗದು. ಕೆಲವರ ಅಳುಕಿಗೆ ಆಧಾರವಿದೆ ಅಂತಷ್ಟೇ ಹೇಳಬಹುದು.

ದೇಹಕ್ಕೆ ಪದಕದ ಸುದ್ದಿ ಗೊತ್ತಾಗುವುದಿಲ್ಲ

2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. 50 ವರ್ಷ ದಾಟಿದ, ಬಿಪಿ ಸ್ವಲ್ಪ ಹೆಚ್ಚಿದ್ದ, ಮಾತ್ರೆ ತೆಗೆದುಕೊಳ್ಳದ 43 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು-ನಾಲ್ಕು ದಿನ ಈಜಿತು. ಮೊದಲು ದಿನಕ್ಕೆ 15-20 ನಿಮಿಷ, ಬರಬರುತ್ತ 45 ನಿಮಿಷ. ಇನ್ನೊಂದು ಗುಂಪಿಗೆ ಮೈಸಡಿಲಿಸುವ ಸರಳ ವ್ಯಾಯಾಮ. ಹನ್ನೆರಡು ವಾರದಲ್ಲಿ ಈಜಿದವರ ಮೇಲಿನ ಬಿಪಿ ಸರಾಸರಿ 131ರಿಂದ 122ಕ್ಕೆ ಇಳಿಯಿತು. ಇದು ಸಣ್ಣ ಅಧ್ಯಯನ, ಇದನ್ನು ನಂಬಿ ಬಿಪಿ ಮಾತ್ರೆ ಬಿಡಬೇಡಿ. ಆದರೆ ಅಲ್ಲಿ ಯಾರೂ ಪದಕಕ್ಕಾಗಿ ಈಜಿರಲಿಲ್ಲ ಎಂಬುದನ್ನು ಗಮನಿಸಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಜೋರು ವ್ಯಾಯಾಮ. ವಾರಕ್ಕೆ ನಾಲ್ಕು ದಿನ 45 ನಿಮಿಷ ಈಜಿದರೆ 180 ನಿಮಿಷವಾಯಿತು. ನೀರು ಮೈಯ ಭಾರ ಹೊರುವುದರಿಂದ ಮೊಣಕಾಲು ನೋವಿನವರಿಗೂ ಇದು ಒಗ್ಗುತ್ತದೆ. ಮಗ್ಗದ ಮುಂದೆ ದಿನವಿಡೀ ಕೂರುವ ರಬಕವಿ-ಬನಹಟ್ಟಿಯ ನೇಕಾರರಿಗೆ, ಅಂಗಡಿಯ ಗಲ್ಲಾದಲ್ಲಿ ಕೂರುವವರಿಗೆ ಇದಕ್ಕಿಂತ ಒಳ್ಳೆ ವ್ಯಾಯಾಮ ಹುಡುಕುವುದು ಕಷ್ಟ ಅಂತ ನಮ್ಮ ಅನಿಸಿಕೆ.

ಭಾರ ಹೊರದ ಅದೇ ಗುಣಕ್ಕೆ ಇನ್ನೊಂದು ಮುಖವೂ ಇದೆ. ಎಲುಬು ಗಟ್ಟಿಯಾಗಲು ಭಾರ ಬೀಳಬೇಕು. ಬರಿ ಈಜಿನಿಂದ ಎಲುಬಿನ ಸಾಂದ್ರತೆ ಅಷ್ಟಾಗಿ ಹೆಚ್ಚುವುದಿಲ್ಲ. ಮುಟ್ಟು ನಿಂತ ಹೆಣ್ಣುಮಕ್ಕಳು ಈಜಿನ ಜೊತೆ ನಡಿಗೆ, ಮೆಟ್ಟಿಲು ಹತ್ತುವುದು, ತೂಕ ಎತ್ತುವುದನ್ನೂ ಇಟ್ಟುಕೊಳ್ಳಬೇಕು. ತೂಕ ಇಳಿಸುವ ಲೆಕ್ಕವೂ ಫಾರ್ವರ್ಡ್‌ಗಳಲ್ಲಿ ಬರುವಷ್ಟು ಸುಲಭವಿಲ್ಲ. 60 ಕಿಲೋ ತೂಕದವರು 45 ನಿಮಿಷ ಮಧ್ಯಮ ವೇಗದಲ್ಲಿ ಈಜಿದರೆ ಸುಮಾರು 260 ಕ್ಯಾಲೊರಿ ಖರ್ಚು. ನೀರಿನಿಂದ ಎದ್ದ ಮೇಲೆ ಹಸಿವು ಜೋರು. ದಾರಿಯಲ್ಲಿ ಗಿರ್ಮಿಟ್ ಜೊತೆ ಎರಡು ಮಿರ್ಚಿ ತಿಂದರೆ ಲೆಕ್ಕ ಅಲ್ಲಿಗೇ ಚುಕ್ತಾ.

ಹೃದಯದ ಮಾತು

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ವ್ಯಾಯಾಮದ ಬಗ್ಗೆಯೇ ಒಂದು ಹೆದರಿಕೆ ಹಬ್ಬಿತು. ಹೃದಯ ತಪಾಸಣೆಗೆ ಆಸ್ಪತ್ರೆಗಳಲ್ಲಿ ಸಾಲು ನಿಂತರು. ಒಬ್ಬರ ಸಾವಿನಿಂದ ಎಲ್ಲರಿಗೂ ಒಂದು ನಿಯಮ ಮಾಡಲಾಗದು. ಅದಕ್ಕೆ ದೊಡ್ಡ ಲೆಕ್ಕ ಬೇಕು.

ಅಂಥದ್ದೊಂದು ಲೆಕ್ಕ 1993ರಲ್ಲಿ ಅಮೆರಿಕದಿಂದ ಬಂತು. ಹೃದಯಾಘಾತವಾಗಿ ಬದುಕಿ ಉಳಿದ 1,228 ಮಂದಿಯನ್ನು ಸಂಶೋಧಕರು ಮಾತಾಡಿಸಿದರು. ಮೈ ದಣಿಯುವ ಜೋರು ಕೆಲಸ ಮಾಡಿದ ಮೇಲಿನ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಸುಮ್ಮನಿದ್ದ ಹೊತ್ತಿಗಿಂತ ಸರಾಸರಿ ಸುಮಾರು ಆರು ಪಟ್ಟು. ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ. ಮುಂದಿನ ಸಾಲು ಇದು: ವಾರಕ್ಕೆ ಒಮ್ಮೆಯೂ ವ್ಯಾಯಾಮ ಮಾಡದವರಲ್ಲಿ ಅದು 107 ಪಟ್ಟು, ವಾರಕ್ಕೆ ಐದು ಸಲವೋ ಹೆಚ್ಚೋ ಮಾಡುವವರಲ್ಲಿ 2.4 ಪಟ್ಟು. ಯಾವುದೇ ಒಂದು ಗಂಟೆಯಲ್ಲಿ ಹೃದಯಾಘಾತವಾಗುವ ಸಂಭವವೇ ತೀರಾ ಚಿಕ್ಕದು, ಅದರ ಪಟ್ಟುಗಳು ಇವು.

ಹೀಗಾಗಿ ಅಪಾಯ ಹೆಚ್ಚು ಇರುವುದು ವರ್ಷವಿಡೀ ಸುಮ್ಮನಿದ್ದು, ಬೇಸಿಗೆ ರಜೆಗೆ ಊರಿಗೆ ಬಂದವರೇ ಅಳಿಯಂದಿರ ಜೊತೆ ಪಂತ ಕಟ್ಟಿ ಬಾವಿ ಹತ್ತು ಸುತ್ತು ಹೊಡೆಯುವ ಮಾವನಿಗೆ. ದಿನಾ ಈಜುವವರಿಗೆ ಅಷ್ಟಿಲ್ಲ. ಹಾಗಂತ ತಪಾಸಣೆ ಬೇಡ ಅಂತಲ್ಲ. ನಲವತ್ತು ದಾಟಿ ಹೊಸದಾಗಿ ಶುರು ಮಾಡುವವರು, ಸಕ್ಕರೆ ಕಾಯಿಲೆ, ಬಿಪಿ, ಬೀಡಿ-ಸಿಗರೇಟು ಇರುವವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯದಿಂದ ತೀರಿಕೊಂಡವರಿದ್ದರೆ, ಮೊದಲು ಡಾಕ್ಟರಿಗೆ ತೋರಿಸಿ ಇಸಿಜಿ ಬೇಕೇ ಎಂದು ಕೇಳಿ. ಈಜುವಾಗ ಎದೆ ಹಿಡಿದಂತಾದರೆ, ಕಣ್ಣು ಕತ್ತಲಿಟ್ಟರೆ, ಸುತ್ತು ಮುಗಿಸುವ ಹಟ ಬೇಡ. ಫಿಟ್ಸ್ ಇರುವವರು ಡಾಕ್ಟರು ಒಪ್ಪದೆ ನೀರಿಗಿಳಿಯಲೇಬಾರದು.

ಇನ್ನೊಂದು ಸಣ್ಣ ವಿಷಯ. ಕೈಗಡಿಯಾರದಲ್ಲಿ ನಾಡಿ ನೋಡುವವರು ‘ಓಡುವಾಗ 150 ಬರ್ತದ, ಈಜುವಾಗ 138 ಯಾಕ?’ ಅಂತ ಗಾಬರಿಯಾಗುತ್ತಾರೆ. ಮಲಗಿದ ಭಂಗಿ, ನೀರಿನ ಒತ್ತಡ, ತಂಪು ಇವೆಲ್ಲ ಸೇರಿ ಈಜಿನಲ್ಲಿ ನಾಡಿ ಹತ್ತು-ಹದಿನೈದು ಬಡಿತ ಕಡಿಮೆಯೇ ಇರುತ್ತದೆ. ಅದು ರೋಗವಲ್ಲ.

ಸ್ಪರ್ಧೆ ಇಲ್ಲದವರು ತಾವೇ ಮಾಡಿಕೊಳ್ಳಬೇಕಾದದ್ದು

ಸ್ಪರ್ಧಿಗೆ ಕೋಚ್ ಇರುತ್ತಾರೆ, ಗಡಿಯಾರ ಇರುತ್ತದೆ, ದಡದಲ್ಲಿ ಕಣ್ಣಿಟ್ಟು ನಿಂತವರು ಇರುತ್ತಾರೆ. ಸ್ಪರ್ಧೆ ಬೇಡ ಎಂದವರಿಗೆ ಈ ಮೂರೂ ತಾನಾಗಿ ಸಿಗುವುದಿಲ್ಲ.

ಮೊದಲು ಈಜುವ ರೀತಿ. ಬಾವಿಯಲ್ಲಿ ಕಲಿತವರು ತಲೆ ಮೇಲೆತ್ತಿ ಈಜುತ್ತಾರೆ. ದಿಕ್ಕು ಕಾಣಲು ಅದು ಸರಿ. ಆದರೆ ತಲೆ ಮೇಲೆದ್ದಷ್ಟೂ ಸೊಂಟ ಕೆಳಗಿಳಿಯುತ್ತದೆ, ಇಡೀ ಮೈ ನೀರಿಗೆ ಅಡ್ಡ ನಿಲ್ಲುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅಲ್ಲಿ ಬಲಕ್ಕಿಂತ ಮೈಯ ಆಕಾರ ಮುಖ್ಯ. ಮುಖ ನೀರೊಳಗಿಟ್ಟು, ಬಾಯಿ-ಮೂಗಿಂದ ನಿಧಾನ ಉಸಿರು ಬಿಟ್ಟು, ತಲೆ ಎತ್ತದೆ ಪಕ್ಕಕ್ಕೆ ಹೊರಳಿಸಿ ಉಸಿರು ತೆಗೆದುಕೊಳ್ಳುವುದನ್ನು ಕಲಿತರೆ ಅದೇ ಶಕ್ತಿಗೆ ಹೆಚ್ಚು ದೂರ ಹೋಗಬಹುದು. ಗೆಳೆಯರಿಂದ ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿಸಿ ನೋಡಿಕೊಂಡರೆ ಅರ್ಧ ತಪ್ಪು ಕಣ್ಣಿಗೆ ಬೀಳುತ್ತದೆ.

ಆಮೇಲೆ ಅಳತೆ. 25 ಮೀಟರ್ ಕೊಳ ಸಿಕ್ಕಿದರೆ ಒಂದು ದಿನ 400 ಮೀಟರನ್ನೂ, ಚೆನ್ನಾಗಿ ದಣಿವಾರಿಸಿಕೊಂಡು 200 ಮೀಟರನ್ನೂ ಆದಷ್ಟು ವೇಗವಾಗಿ ಈಜಿ ಹೊತ್ತು ಬರೆದಿಡಿ. 400ಕ್ಕೆ 10 ನಿಮಿಷ, 200ಕ್ಕೆ 4 ನಿಮಿಷ 40 ಸೆಕೆಂಡು ಬಂತು ಎನ್ನೋಣ. ಎರಡರ ವ್ಯತ್ಯಾಸ 320 ಸೆಕೆಂಡು, ಅದರ ಅರ್ಧ 160. ಅಂದರೆ 100 ಮೀಟರಿಗೆ 2 ನಿಮಿಷ 40 ಸೆಕೆಂಡು. ಇದು ನೀವು ತೀರಾ ಏದುಸಿರು ಬಿಡದೆ ಹೆಚ್ಚು ಹೊತ್ತು ಹಿಡಿದಿಡಬಲ್ಲ ವೇಗದ ಅಂದಾಜು. ಆ ವೇಗದಲ್ಲಿ ನೂರು ನೂರು ಮೀಟರಿನ ಆರೆಂಟು ಸುತ್ತು, ನಡುವೆ 20 ಸೆಕೆಂಡು ವಿರಾಮ. ಎರಡು ತಿಂಗಳಾದ ಮೇಲೆ ಮತ್ತೆ ಅಳೆದು ನೋಡಿ. ಬಾವಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಇಷ್ಟು ನಿಮಿಷ ಅಂತ ಹೊತ್ತು ಹಿಡಿದು ಈಜುವುದೇ ಸರಿ.

ಹೆಗಲಿನ ಬಗ್ಗೆ ಎಚ್ಚರ. 25 ಮೀಟರಿಗೆ 20 ಸಲ ಕೈ ಬೀಸುವವರು 1,500 ಮೀಟರ್ ಮುಗಿಸುವಷ್ಟರಲ್ಲಿ 1,200 ಸಲ ಬೀಸಿರುತ್ತಾರೆ. ಹಗಲೆಲ್ಲ ಕೈಮಗ್ಗ ನಡೆಸುವವರಿಗೆ ಆ ಹೆಗಲು ಮೊದಲೇ ದಣಿದಿರುತ್ತದೆ. ದೂರವನ್ನು ವಾರವಾರ ಸ್ವಲ್ಪಸ್ವಲ್ಪವೇ ಏರಿಸಿ. ಈಜು ಮುಗಿದ ಮೇಲೂ ಉಳಿಯುವ ಹೆಗಲುನೋವಿಗೆ ಇನ್ನಷ್ಟು ಈಜು ಮದ್ದಲ್ಲ.

ಊಟ ಮಾಡಿ ಈಜಿದರೆ ಮುಳುಗುತ್ತಾರೆ ಎಂಬುದಕ್ಕೆ ಪುರಾವೆ ಇಲ್ಲ, ಹೊಟ್ಟೆ ಭಾರವಾಗಿ ಹಿಂಸೆಯಾದೀತು ಅಷ್ಟೆ. ಕುಡಿದು ನೀರಿಗಿಳಿಯುವುದು ಮಾತ್ರ ಜೀವಕ್ಕೆ ಕುತ್ತು, ಅದಕ್ಕೆ ಪುರಾವೆ ಬೇಕಾದಷ್ಟಿದೆ. ಮುಟ್ಟಿನ ದಿನಗಳಲ್ಲಿ ಟ್ಯಾಂಪನ್ ಅಥವಾ ಮುಟ್ಟಿನ ಕಪ್ ಬಳಸಿ ಈಜಲು ಅಡ್ಡಿಯಿಲ್ಲ. ಈಜಿದರೆ ಎತ್ತರ ಬೆಳೆಯುತ್ತಾರೆ ಎಂಬುದು ಸುಳ್ಳು.

ಈಜು ಬಲ್ಲವರೂ ಮುಳುಗುವುದು ಹೇಗೆ?

ಭಾರತದಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಮಂದಿ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ಎಲ್ಲರೂ ಈಜು ಬಾರದವರೇ ಎಂದುಕೊಳ್ಳಬೇಡಿ.

ನಮ್ಮ ಬಾವಿಗಳಲ್ಲಿ ಹಳೆಯ ಆಟವೊಂದಿದೆ. ಯಾರು ಹೆಚ್ಚು ಹೊತ್ತು ನೀರೊಳಗೆ ಇರುತ್ತಾರೆ, ಯಾರು ತಳದ ಮಣ್ಣು ತರುತ್ತಾರೆ ಎಂಬ ಪಂತ. ಮುಳುಗುವ ಮುಂಚೆ ಹತ್ತಾರು ಸಲ ಜೋರಾಗಿ ಉಸಿರೆಳೆದು ಬಿಡುತ್ತಾರೆ, ಹೆಚ್ಚು ಗಾಳಿ ತುಂಬಿಕೊಂಡೆವು ಎಂಬ ನಂಬಿಕೆ. ಆಗುವುದು ಬೇರೆ. ‘ಉಸಿರು ಬೇಕು’ ಎಂಬ ಒತ್ತಡ ನಮಗೆ ಬರುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾದದ್ದರಿಂದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದರಿಂದ. ಜೋರು ಉಸಿರಾಟ ಆಮ್ಲಜನಕವನ್ನು ಹೆಚ್ಚೇನೂ ಏರಿಸುವುದಿಲ್ಲ, ಇಂಗಾಲದ ಡೈಆಕ್ಸೈಡನ್ನು ಮಾತ್ರ ಹೊರಗೆ ಹಾಕುತ್ತದೆ. ಎಚ್ಚರಿಕೆಯ ಗಂಟೆಯನ್ನು ನಾವೇ ಕಟ್ಟಿಹಾಕಿದ ಹಾಗೆ. ಮಿದುಳಿಗೆ ಆಮ್ಲಜನಕ ಸಾಲದೆ ಬರುತ್ತದೆ, ಗಂಟೆ ಬಾರಿಸುವುದಿಲ್ಲ, ಎಚ್ಚರ ತಪ್ಪುತ್ತದೆ. ಹೊಡೆದಾಟವಿಲ್ಲ, ಕೂಗಿಲ್ಲ. ಗಟ್ಟಿ ಈಜುಗಾರರೇ ಇದಕ್ಕೆ ಬಲಿಯಾಗುವುದು, ಯಾಕೆಂದರೆ ಉಸಿರು ಹಿಡಿಯುವ ಧೈರ್ಯ ಇರುವುದು ಅವರಿಗೇ. ಉಸಿರು ಹಿಡಿಯುವ ಪಂತ ಕೊಳದಲ್ಲೂ ಬೇಡ, ಬಾವಿಯಲ್ಲಂತೂ ಬೇಡವೇ ಬೇಡ.

ಕಾಲುವೆಯ ಅಪಾಯ ಬೇರೆ ಥರದ್ದು. ಇಳಿಯುವುದು ಸುಲಭ, ಹತ್ತುವುದು ಕಷ್ಟ. ಸಿಮೆಂಟಿನ ಇಳಿಜಾರು ಪಾಚಿ ಹಿಡಿದಿರುತ್ತದೆ, ಕೈಗೆ ಏನೂ ಸಿಗುವುದಿಲ್ಲ, ಸೆಳೆತ ಮುಂದಿನ ಗೇಟಿನತ್ತ ಒಯ್ಯುತ್ತದೆ. ಹೊಳೆಯಲ್ಲಿ ಬ್ಯಾರೇಜಿನ ಹತ್ತಿರ ಈಜುವುದೂ ಹಾಗೇ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ, ಅದು ಫಾರ್ವರ್ಡ್ ಅಲ್ಲ. ಬೇಸಿಗೆಯ ಬಾವಿಯಲ್ಲಿ ಮೇಲೆ ಬೆಚ್ಚಗಿದ್ದ ನೀರು ಕೆಳಗೆ ಥಟ್ಟನೆ ತಣ್ಣಗಿರುತ್ತದೆ. ನೀರು ಇಳಿದಿದೆಯೇ ನೋಡದೆ ಹಳೆ ಅಂದಾಜಿನಲ್ಲಿ ತಲೆಕೆಳಗಾಗಿ ಜಿಗಿದು ಕುತ್ತಿಗೆ ಮುರಿದುಕೊಂಡವರು ಜೀವಮಾನವಿಡೀ ಹಾಸಿಗೆ ಹಿಡಿಯುತ್ತಾರೆ.

ಒಬ್ಬರೇ ಈಜುವುದು ಬೇಡ. ಎಷ್ಟೇ ನುರಿತವರಾಗಿರಿ, ದಡದಲ್ಲಿ ಒಬ್ಬರು ಕೂತಿರಲಿ, ಪಕ್ಕದಲ್ಲಿ ಉದ್ದನೆಯ ಹಗ್ಗ ಮತ್ತು ಬಾಯಿ ಬಿಗಿಯಾಗಿ ಮುಚ್ಚಿದ ಖಾಲಿ ಕ್ಯಾನ್ ಇರಲಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆ ಹಾರಬೇಡಿ, ಹಗ್ಗ, ಸೀರೆ, ಕೋಲು, ಕ್ಯಾನ್ ಏನಾದರೂ ಎಸೆಯಿರಿ. ಉಳಿಸಲು ಹೋದವರೂ ಮುಳುಗಿದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ.

ಉಪ್ಪು ಜೀವ ತರುವುದಿಲ್ಲ

ಇದನ್ನು ಬರೆಯಲು ನಮಗೂ ಕಷ್ಟ. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, 2023ರಲ್ಲಿ ಹಾವೇರಿ ಜಿಲ್ಲೆಯಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡ ಮಕ್ಕಳ ದೇಹಗಳನ್ನು ಮನೆಯವರು ಉಪ್ಪಿನ ರಾಶಿಯಲ್ಲಿ ಗಂಟೆಗಟ್ಟಲೆ ಹೂತಿಟ್ಟು ಕಾದರು. ಉಪ್ಪು ನೀರನ್ನು ಹೀರಿ ಜೀವ ಮರಳಿಸುತ್ತದೆ ಎಂಬ ಸುಳ್ಳು ಅವರಿಗೆ ಮೊಬೈಲಿನಿಂದ ತಲುಪಿತ್ತು. ತಪ್ಪು ಆ ತಂದೆತಾಯಿಯದಲ್ಲ. ಉಪ್ಪಿಗೆ ಆ ಗುಣ ಇಲ್ಲ. ಮುಳುಗಿದವರನ್ನು ಕೊಲ್ಲುವುದು ಹೊಟ್ಟೆಯ ನೀರಲ್ಲ, ಮಿದುಳಿಗೆ ಆಮ್ಲಜನಕ ಇಲ್ಲದಿರುವುದು. ಕೆಲವೇ ನಿಮಿಷ ಕೈಯಲ್ಲಿರುತ್ತವೆ. ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಇವೂ ಆ ನಿಮಿಷಗಳನ್ನು ತಿಂದುಹಾಕುತ್ತವೆ.

ಮಾಡಬೇಕಾದದ್ದು ಇಷ್ಟು. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಾಡುತ್ತಿಲ್ಲವೆಂದರೆ ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಊದಿ. ಎದೆ ಏರುವುದು ಕಾಣಬೇಕು. ಬೇರೆ ಹೃದಯಸ್ತಂಭನದಲ್ಲಿ ಎದೆ ಒತ್ತುವುದರಿಂದ ಶುರು ಮಾಡುತ್ತಾರೆ, ಮುಳುಗಿದವರಿಗೆ ಉಸಿರಿನಿಂದ. ನಂತರ ಎದೆಯ ನಡುವೆ ಎರಡು ಅಂಗೈ ಒಂದರ ಮೇಲೊಂದಿಟ್ಟು 5-6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, ಎರಡು ಸಲ ಉಸಿರು ಊದಿ. ಇದೇ ಕ್ರಮ, ಆಂಬ್ಯುಲೆನ್ಸ್ ಬರುವ ತನಕ. ಎಚ್ಚರವಾದರೂ ಆಸ್ಪತ್ರೆಗೆ ಒಯ್ಯಲೇಬೇಕು, ಶ್ವಾಸಕೋಶದ ತೊಂದರೆ ಕೆಲವು ಗಂಟೆ ಬಿಟ್ಟು ಕಾಣಿಸಬಹುದು.

ಅಷ್ಟರಲ್ಲಿ ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಬೇಕು. ಹೊಲದ ಬಾವಿಗೆ ಮನೆ ನಂಬರು ಇರುವುದಿಲ್ಲ, ‘ಗೌಡರ ತೋಟದ ಆಚೆ’ ಎಂದರೆ ಆಂಬ್ಯುಲೆನ್ಸ್ ಚಾಲಕರಿಗೆ ತಿಳಿಯುವುದಿಲ್ಲ. ನೀವು ದಿನಾ ಈಜುವ ಜಾಗದ ಲೊಕೇಶನ್ನನ್ನು ಇವತ್ತೇ ಮೊಬೈಲಿನ ಮ್ಯಾಪಿನಲ್ಲಿ ಗುರುತು ಮಾಡಿ, ಮನೆಯವರಿಗೂ ಜೊತೆಗೆ ಈಜುವವರಿಗೂ ಕಳಿಸಿಡಿ.